ಬಣವೆಗೆ ಇಳಿದ ವಿಮಾನ

ಹಾಸನದ ಜನವರಿ ಮಂಜು ಬೇಗ ಕರಗುವುದಿಲ್ಲ. ಬೇಲೂರು ರಸ್ತೆ ಕಡೆ, ರಾಗಿ ಕೊಯ್ದ ಹೊಲದ ಬದುವಿನ ಮೇಲೆ ನಾನು ಮತ್ತು ನನಗೆ ಮಾಡೆಲ್ ವಿಮಾನ ಹಾರಿಸಲು ಕಲಿಸಿದ ಹಿರಿಯರು ಕಾಫಿ ಕುಡಿಯುತ್ತ ಕೂತಿದ್ದೆವು. ಎಂಟೂವರೆಯಾದರೂ ಆಚೆಯ ತೆಂಗಿನ ಮರ ಕಾಣುತ್ತಿರಲಿಲ್ಲ.

‘ಟರ್ಬೈನ್ ಜೆಟ್ ತಗೊಳ್ಳೋಣ ಅಂತಿದೀನಿ ಸಾರ್’ ಎಂದೆ. ಸೀಮೆಎಣ್ಣೆಯಲ್ಲಿ ಓಡುವ ಪುಟ್ಟ ಜೆಟ್ ಎಂಜಿನ್ ಇರುವ ಮಾಡೆಲ್ ಅದು.

ಅವರು ಬೈಯಲಿಲ್ಲ. ನನ್ನ ರಿಮೋಟ್ ಇಸಕೊಂಡು, ಮೋಟಾರಿನ ಜೋರು ಏರಿಸಿ ಇಳಿಸುವ ಥ್ರಾಟಲ್ ಕಡ್ಡಿಯ ಸೆಟ್ಟಿಂಗಿನಲ್ಲಿ ಏನೋ ಒತ್ತಿದರು. ‘ಥ್ರಾಟಲ್ ನಾಲ್ಕು ಸೆಕೆಂಡ್ ನಿಧಾನ ಮಾಡಿದೀನಿ. ನಿನ್ನ ಹಳೇ ಟ್ರೈನರನ್ನೇ ಹಾರಿಸು, ನೋಡೋಣ.’

ನನಗೆ ನಗು ಬಂತು. ಎರಡು ವರ್ಷ ಹಾರಿಸಿದ ಫೋಮ್ ವಿಮಾನ, ಮೈಯೆಲ್ಲ ಟೇಪು. ಕಣ್ಣು ಮುಚ್ಚಿ ಇಳಿಸುತ್ತೇನೆ ಅಂದುಕೊಂಡಿದ್ದೆ.

ಮಂಜು ಸರಿದ ಮೇಲೆ ಏರಿಸಿದೆ. ಮೇಲಿರುವಷ್ಟು ಹೊತ್ತು ಏನೂ ತೊಂದರೆಯಿಲ್ಲ. ಇಳಿಸುವಾಗ ವಿಮಾನ ಸ್ವಲ್ಪ ಕುಸಿಯಿತು. ದಿನಾ ಮಾಡುವ ಹಾಗೆ ಥ್ರಾಟಲ್ ಮುಂದಕ್ಕೆ ತಳ್ಳಿದೆ. ಜೋರಾಗಬೇಕಾದ ಮೋಟಾರು ಸುಮ್ನೆ ಗುಂಯ್ಗುಡುತ್ತಿತ್ತು. ಪಕ್ಕದಲ್ಲಿ ಅವರು ಗಟ್ಟಿಯಾಗಿ ‘ಒಂದು... ಎರಡು...’ ಎಂದು ಎಣಿಸುತ್ತಿದ್ದರು. ‘ಮೂರು’ ಅನ್ನುವಷ್ಟರಲ್ಲಿ ಮೋಟಾರಿಗೆ ಜೀವ ಬಂತು. ಆದರೆ ವಿಮಾನ ಆಗಲೇ ರಾಗಿಹುಲ್ಲಿನ ಬಣವೆಯೊಳಗಿತ್ತು. ಪ್ರೊಪೆಲರ್ ಒಳ್ಳೇ ಮೇವು ಕತ್ತರಿಸುವ ಯಂತ್ರದ ಹಾಗೆ ಹುಲ್ಲು ಹಾರಿಸುತ್ತಿತ್ತು.

ಟರ್ಬೈನ್ ತಡವಾಗಿ ಮಾತು ಕೇಳುತ್ತದೆ ಎಂದು ನನಗೂ ಗೊತ್ತಿತ್ತು. ಪೂರ್ತಿ ಜೋರಿನಲ್ಲಿ ಅದು ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಐಡಲ್‌ನಿಂದ (ಅಂದರೆ ಕನಿಷ್ಠ ವೇಗದಿಂದ) ಅಲ್ಲಿಗೆ ಹೋಗಲು ಕೆಲವು ಸೆಕೆಂಡ್ ಬೇಕು. ಒಮ್ಮೆಲೇ ಇಂಧನ ಸುರಿದರೆ ಮಿತಿಮೀರಿ ಕಾಯುತ್ತದೆ, ಹಾಗಾಗಿ ಅದರ ಕಂಟ್ರೋಲ್ ಯೂನಿಟ್ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಬಾಲದ ಮೇಲೆ ಗಾಳಿ ಬೀಸಲು ಪ್ರೊಪೆಲರ್ ಕೂಡ ಇಲ್ಲ. ವೇಗ ಕಳೆದುಕೊಂಡರೆ ಹಿಡಿತವೂ ಹೋಯಿತು. ಇದೆಲ್ಲ ಓದಿದ್ದೆ. ಬೆರಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಹುಲ್ಲು ಕೀಳುತ್ತಿದ್ದಾಗ ಅವರು ಕೇಳಿದರು: ‘ಹೊಟ್ಟೆ ತುಂಬ ಸೀಮೆಎಣ್ಣೆ, ಹಿಂದಿಂದ ಐನೂರು ಡಿಗ್ರಿ ದಾಟಿದ ಬಿಸಿಗಾಳಿ. ಆ ಜೆಟ್ ಈ ಬಣವೆಗೆ ನುಗ್ಗಿದ್ರೆ?’ ನಾನು ಮಾತಾಡಲಿಲ್ಲ.

ಮೂತಿಗೆ ಟೇಪು ಸುತ್ತಿ, ಪ್ರೊಪೆಲರ್ ಬದಲಿಸಿ ಮತ್ತೆ ಏರಿಸಿದೆ. ಅವತ್ತು ಹತ್ತು ಸಲ ಇಳಿಸಿದ್ದರಲ್ಲಿ ನೆಟ್ಟಗೆ ಇಳಿದದ್ದು ನಾಲ್ಕು. ಕೊನೆಕೊನೆಗೆ ಒಂದು ಗೊತ್ತಾಯಿತು: ಸರಿಹೋಗಲಿಲ್ಲ ಅನ್ನಿಸಿದ ಕೂಡಲೇ, ಇನ್ನೂ ಎತ್ತರ ಇರುವಾಗಲೇ, ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹೋಗಬೇಕು. ನನಗೋ, ಸುತ್ತು ಹೋಗುವುದೆಂದರೆ ಸೋತ ಹಾಗೆ ಅನ್ನಿಸುತ್ತಿತ್ತು.

ಅವರು ಹೇಳಿದ ದಾರಿ ಇದು: ಈ ನಿಧಾನದ ಥ್ರಾಟಲ್ ಪಳಗಿದ ಮೇಲೆ ರೆಕ್ಕೆ ಕೆಳಗಿರುವ ವಿಮಾನ, ಆಮೇಲೆ ಬ್ಯಾಟರಿಯ ಫ್ಯಾನ್ ಜೆಟ್, ನಿಧಾನಕ್ಕೆ ಇಳಿಯಲು ರೆಕ್ಕೆಯಿಂದ ಕೆಳಗೆ ಬಾಗುವ ಫ್ಲ್ಯಾಪು, ಮಡಚುವ ಚಕ್ರ. ಟರ್ಬೈನ್ ಆಮೇಲೆ, ಅದೂ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು. ಎಷ್ಟು ತಿಂಗಳು ಎಂದು ಕೇಳಿದೆ. ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತರು.

ಹೊರಡುವಾಗ ಹೊಲದ ಯಜಮಾನರು ಬಂದರು. ಬಣವೆಯ ತೂತು ನೋಡಿದರು, ನನ್ನನ್ನೂ ನೋಡಿದರು. ‘ಇಷ್ಟು ದೊಡ್ಡ ಹೊಲ ಐತೆ, ಬೇರೆ ಜಾಗ ಸಿಗ್ಲಿಲ್ವಾ?’