ಚೋಮನಿಗೆ ಗೇಣಿ ಏಕೆ ಸಿಗಲಿಲ್ಲ?

ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾದಾಗ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಅಲ್ಲಿ ಮೂಲಗೇಣಿದಾರನಿಗೆ ಭೂಮಿಯ ಮೇಲೆ ಶಾಶ್ವತ ಹಕ್ಕಿತ್ತು. ಚಾಲಗೇಣಿದಾರನನ್ನು ಮಾತ್ರ ಧಣಿಯು ಮನಸ್ಸು ಬಂದಾಗ ಎಬ್ಬಿಸಬಹುದಾಗಿತ್ತು. ಕಥಾನಾಯಕ ಚೋಮನಂತೆ ತಲೆಮಾರುಗಳಿಂದ ಧಣಿಯ ಮನೆಗೇ ಅಂಟಿಕೊಂಡಿದ್ದ ಅಸ್ಪೃಶ್ಯ ಆಳುಗಳಿಗೆ ಆ ಅಭದ್ರ ಚಾಲಗೇಣಿಯೂ ದೂರದ ಮಾತು, ಏಕೆಂದರೆ ಬೇರೆಯವರ ಗದ್ದೆಯಲ್ಲಿ ಮೈಮುರಿಯುವುದಕ್ಕಿಲ್ಲದ ಜಾತಿಯ ಅಡ್ಡಿ, ಸ್ವಂತಕ್ಕೆ ಬೇಸಾಯ ಮಾಡಹೊರಟಾಗ ಎದುರಾಗುತ್ತಿತ್ತು. ಚೋಮನ ಗುಡಿಸಲಲ್ಲಿ ಜೋಡಿ ಎತ್ತುಗಳಿವೆ, ಉಳಲು ಅಂಗೈಯಗಲ ನೆಲವಿಲ್ಲ! ನನಗೆ ಇಡೀ ಕಾದಂಬರಿಯ ಅರ್ಥಶಾಸ್ತ್ರ ಆ ಎತ್ತುಗಳಲ್ಲೇ ಕಾಣುತ್ತದೆ.

ಚೋಮನ ಮನೆಯನ್ನು ಬಿಗಿದ ಇನ್ನೊಂದು ಕೊಂಡಿ ಘಟ್ಟದ ಕಾಫಿ ತೋಟ. ಅಪ್ಪ ಮಾಡಿದ ಸಾಲಕ್ಕೆ ಮಕ್ಕಳು ಅಲ್ಲಿ ದುಡಿಯಬೇಕು. ಭೂಮಾಲೀಕನ ಜೀತ ಹಳೆಯದು, ತೋಟದ್ದು ಹೊಸದು, ಅಷ್ಟೇ. ಉಳುವವನಿಗೇ ಹೊಲವೆಂಬ ಭೂಸುಧಾರಣೆ ಕರ್ನಾಟಕದಲ್ಲಿ ಬಿಗಿಯಾದದ್ದು 1974ರಲ್ಲಿ. ಅದೂ ಗೇಣಿದಾರನಿಗೆ, ಗೇಣಿಯೇ ಸಿಗದ ಚೋಮನಿಗಲ್ಲ.