ಕಂಡಕ್ಟರ್ ಕೂಗುವ ಹಾಗೆ ಬೋರ್ಡ್ ಬರೆಯಿರಿ

ಬಸ್ ಸ್ಟಾಪ್‌ಗಳಿಗೆ ಬೋರ್ಡು, ಮ್ಯಾಪು ಮಾಡಿಕೊಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಇದಕ್ಕೆ ಕೈ ಹಾಕಿದವರು ಸಾಮಾನ್ಯವಾಗಿ ಮೊದಲು ಮಾಡುವುದು ಅಲ್ಲಿಗೆ ಬರುವ ರೂಟ್ ನಂಬರ್‌ಗಳನ್ನೆಲ್ಲ ಸಾಲಾಗಿ ಬರೆಯುವುದು. ಪಟ್ಟಿ ಸರಿಯಾಗಿಯೇ ಇರುತ್ತದೆ. ಜನ ಮಾತ್ರ ಅದರ ಪಕ್ಕದಲ್ಲೇ ನಿಂತು ಇನ್ನೊಬ್ಬರನ್ನು ಕೇಳುತ್ತಾರೆ.

ಔಟರ್ ರಿಂಗ್ ರೋಡನ್ನೇ ನೋಡಿ. 500ಡಿ ಹೆಬ್ಬಾಳಕ್ಕೆ ಹೋಗುತ್ತದೆ, 500ಸಿಎ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಐಟಿಪಿಎಲ್ ಕಡೆ ತಿರುಗುತ್ತದೆ. ಆದರೆ ಸಿಲ್ಕ್ ಬೋರ್ಡ್‌ನಿಂದ ಮಾರತ್ತಹಳ್ಳಿವರೆಗೆ ಎರಡಕ್ಕೂ ಒಂದೇ ದಾರಿ. ಅಗರದಲ್ಲಿ ನಿಂತು ಮಾರತ್ತಹಳ್ಳಿಗೆ ಹೋಗಬೇಕಾದವರು, ಯಾರೋ 500ಡಿ ಹತ್ತಿ ಅಂದಿದ್ದಕ್ಕೆ, ಕಣ್ಣೆದುರಿಗೆ ಬಂದ 500ಸಿಎ ಬಿಟ್ಟು ಸುಮ್ನೆ ಕಾಯುತ್ತಾರೆ.

ಕಂಡಕ್ಟರ್ ಏನು ಮಾಡುತ್ತಾರೆ? ಬಾಗಿಲಲ್ಲಿ ನಿಂತು "ಬೆಳ್ಳಂದೂರು, ಮಾರತ್ತಹಳ್ಳಿ, ಮಾರತ್ತಹಳ್ಳಿ" ಅಂತ ಕೂಗುತ್ತಾರೆ. ನಂಬರ್ ಯಾರು ಕೂಗುತ್ತಾರೆ ಹೇಳಿ! ನಾವೂ ಈಗ ಮೇಲೆ ದೊಡ್ಡದಾಗಿ ಹೋಗಬೇಕಾದ ಜಾಗ ಬರೆದು, ಕೆಳಗೆ ಅಲ್ಲಿಗೆ ಹೋಗುವ ಎಲ್ಲ ನಂಬರ್ ಹಾಕುತ್ತೇವೆ. ಜೊತೆಗೆ, ಬಸ್ ಈ ಬದಿಯಲ್ಲೇ ಸಿಗುತ್ತದೋ ರಸ್ತೆ ದಾಟಬೇಕೋ ಅನ್ನುವುದು. ಹೊಸಬರಿಗೆ ಇದೇ ದೊಡ್ಡ ತಲೆನೋವು. ಒಂದೇ ಹೆಸರಿನ ಸ್ಟಾಪ್ ಜಂಕ್ಷನ್‌ನ ಎರಡು ಮೂರು ಕಡೆ ಇರುತ್ತದಲ್ಲ.

ನಂಬರನ್ನೇ ಬದಲಿಸಿಬಿಡಿ ಅನ್ನುವವರೂ ಇದ್ದಾರೆ. ದಕ್ಷಿಣ ಕೊರಿಯಾದ ಸೋಲ್ ನಗರ 2004ರಲ್ಲಿ ಹಾಗೆ ಮಾಡಿತು. ಬಸ್ಸುಗಳಿಗೆ ಬೇರೆ ಬೇರೆ ಬಣ್ಣ, ನೀಲಿ ಬಸ್ಸಿನ ಮೊದಲ ಅಂಕಿ ಹೊರಡುವ ವಲಯ, ಎರಡನೆಯದು ತಲುಪುವ ವಲಯ. ಚೆನ್ನಾಗಿದೆ. ಆದರೆ 335ಇ ಅಂದರೆ ಮೆಜೆಸ್ಟಿಕ್‌ನಿಂದ ಕಾಡುಗೋಡಿ ಅಂತ ಇಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠ. ಅದನ್ನು ಕಿತ್ತು ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ವಿಷಯ ಸೇರಿಕೊಂಡಿತು. ಟಿಕೆಟ್ ದುಡ್ಡಿನ ಯೋಚನೆ ಇಲ್ಲದಿದ್ದಾಗ ನಡುವೆ ಇಳಿದು ಇನ್ನೊಂದು ಬಸ್ ಹಿಡಿಯುವುದು ಹೆಂಗಸರಿಗೆ ಸುಲಭ. ಹಾಗಾಗಿ ಎಲ್ಲಿ ಬದಲಿಸಬಹುದು ಅನ್ನುವುದೂ ಬೋರ್ಡಿನಲ್ಲಿ ಬೇಕು. ಎಸಿ ಬಸ್ಸಿಗೆ ಬೇರೆ ಗುರುತೂ ಬೇಕು, ಅದರಲ್ಲಿ ಶಕ್ತಿ ನಡೆಯುವುದಿಲ್ಲ.

ಈಗ ಬಸ್ ನಡೆಸುವವರ ಜೊತೆ ಚರ್ಚೆ ನಡೆದಿರುವುದು ಬೋರ್ಡಿನಲ್ಲಿ ಬಸ್ ಟೈಮ್ ಹಾಕುವ ಬಗ್ಗೆ. ಈ ಟ್ರಾಫಿಕ್‌ನಲ್ಲಿ ಟೈಮ್ ಹೇಗೆ ಬರೀತೀರಿ ಅಂತ ಕೇಳುತ್ತಾರೆ. ನಿಜ, 8:40 ಅಂತ ಬರೆದರೆ ಜನ ನಗುತ್ತಾರೆ. ನಾನು ಎರಡೇ ಕೇಳುತ್ತಿದ್ದೇನೆ: ಹಗಲಲ್ಲಿ ಸುಮಾರು ಎಷ್ಟು ನಿಮಿಷಕ್ಕೊಂದು ಬಸ್, ರಾತ್ರಿ ಕೊನೇ ಬಸ್ ಎಷ್ಟಕ್ಕೆ ಹೊರಡುತ್ತದೆ. ಮೊದಲನೆಯದಕ್ಕೆ ಹೂಂ ಅಂದಿದ್ದಾರೆ. ಎರಡನೆಯದಕ್ಕೆ ಇನ್ನೂ ಇಲ್ಲ.