ನಕ್ಷೆಯ ಖಾಲಿ ಚೌಕಗಳು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಹವ್ಯಾಸಿಗಳು ದಾಖಲಿಸಿರುವ ಹಕ್ಕಿ, ಚಿಟ್ಟೆ, ಕಪ್ಪೆಗಳ ಮಾಹಿತಿಯೇ ನನ್ನ ಪಿಎಚ್.ಡಿ. ಸಂಶೋಧನೆಯ ಆಧಾರ. ಯಾರು ಬೇಕಾದರೂ ತಾವು ಕಂಡ ಜೀವಿಗಳನ್ನು ದಾಖಲಿಸಬಹುದಾದ ಇ-ಬರ್ಡ್, ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಗಳಿಗೆ ಶಿಕ್ಷಕರು, ಬ್ಯಾಂಕ್ ನೌಕರರು, ವಿದ್ಯಾರ್ಥಿಗಳು, ಕೃಷಿಕರು ಸೇರಿಸಿರುವ ಇಷ್ಟೊಂದು ದಾಖಲೆಗಳನ್ನು ಒಬ್ಬ ಸಂಶೋಧಕ ಇಡೀ ಆಯುಷ್ಯ ಸವೆಸಿದರೂ ಒಂಟಿಯಾಗಿ ಕಲೆಹಾಕಲಾರ. ಆದರೆ ಎರಡೂ ಜಿಲ್ಲೆಗಳ ನಕ್ಷೆಯನ್ನು ಚೌಕಗಳಾಗಿ ವಿಂಗಡಿಸಿ ಈ ದಾಖಲೆಗಳನ್ನು ಗುರುತಿಸುತ್ತ ಹೋದಾಗ ಮೊದಲು ಎದ್ದು ಕಾಣುವುದು ಜೀವಿಗಳ ನೆಲೆಯಲ್ಲ, ಮನುಷ್ಯರ ಓಡಾಟ. ಮಣಿಪಾಲದ ಮಣ್ಣಪಳ್ಳ, ಪಿಲಿಕುಳ, ಕೊಣಾಜೆಯಂಥ ಕಡೆ ಚುಕ್ಕಿಗಳು ಒತ್ತೊತ್ತಾಗಿರುತ್ತವೆ. ರಸ್ತೆಯಿಂದ ತುಸು ದೂರ ಸರಿದರೆ ಚೌಕಗಳು ಖಾಲಿಯಾಗುತ್ತವೆ.

ಖಾಲಿ ಚೌಕಕ್ಕೆ ಎರಡು ಅರ್ಥಗಳಿವೆ: ಅಲ್ಲಿ ಆ ಜೀವಿ ಇಲ್ಲದಿರಬಹುದು, ಅಥವಾ ಅಲ್ಲಿಗೆ ಯಾರೂ ಹೋಗದೇ ಇರಬಹುದು. ಇವೆರಡನ್ನೂ ಬೇರ್ಪಡಿಸುವುದೇ ನನ್ನ ಪ್ರಬಂಧದ ತಿರುಳು. ಹಕ್ಕಿಗಳ ವಿಷಯದಲ್ಲಿ ಇದು ಸ್ವಲ್ಪ ಸುಲಭ. 2002ರಲ್ಲಿ ಆರಂಭವಾದ ಇ-ಬರ್ಡ್‌ನಲ್ಲಿ ವೀಕ್ಷಕರು ಎಷ್ಟು ಹೊತ್ತು, ಎಷ್ಟು ದೂರ ನಡೆದೆವೆಂಬುದನ್ನೂ, ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೇವೆಯೇ ಎಂಬುದನ್ನೂ ತಿಳಿಸುತ್ತಾರೆ. ಅಂಥ ಪೂರ್ಣ ಪಟ್ಟಿಯಲ್ಲಿ ಒಂದು ಹಕ್ಕಿಯ ಹೆಸರಿಲ್ಲದಿರುವುದೂ ಮಾಹಿತಿಯೇ ಆಗುತ್ತದೆ, ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಅದು ಕಾಣಿಸಿತೆಂದು ಲೆಕ್ಕ ಹಾಕಬಹುದು. ಸುಮಾರು 30 ಸಾವಿರ ವೀಕ್ಷಕರ 3 ಕೋಟಿ ದಾಖಲೆಗಳ ಬಲದಿಂದ 942 ಪ್ರಭೇದಗಳ ಸ್ಥಿತಿಗತಿಯನ್ನು ನಿರ್ಣಯಿಸಿದ 2023ರ ಭಾರತದ ಹಕ್ಕಿಗಳ ವರದಿ ನಿಂತಿರುವುದೂ ಈ ತತ್ತ್ವದ ಮೇಲೆಯೇ.

ಕಪ್ಪೆಗಳ ಕಥೆ ಬೇರೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಕರಾವಳಿಯಲ್ಲಿ ಕ್ಯಾಮೆರಾಗಳು ಕಪಾಟು ಸೇರುವ ಹೊತ್ತಿಗೇ ಕಪ್ಪೆಗಳು ವಟಗುಟ್ಟಲು ತೊಡಗುತ್ತವೆ. ನನಗೆ ಬಹಳ ಮೆಚ್ಚುಗೆಯಾದ ಒಂದು ದಾಖಲೆ ಕಾರ್ಕಳದ ಕಡೆಯ ಅಡಿಕೆ ತೋಟದ್ದು: ಜುಲೈ ತಿಂಗಳ ರಾತ್ರಿ, ಬಿದ್ದ ಹಾಳೆಯೊಂದರಲ್ಲಿ ನಿಂತ ನೀರಿನ ಅಂಚಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪೆ, ಟಾರ್ಚ್ ಬೆಳಕಿಗೆ ಚಿತ್ರವೆಲ್ಲ ಬೆಳ್ಳಗೆ. ಆದರೆ ದಾಖಲಿಸಿದವರು ಮೊಬೈಲಿನಲ್ಲಿ ಅದರ ಕೂಗನ್ನೂ ಹಿಡಿದಿದ್ದರು. ಗುರುತು ಸಿಕ್ಕಿದ್ದು ಆ ಕೂಗಿನಿಂದಲೇ. ಊರೊಳಗೆ ಏನಿರಲು ಸಾಧ್ಯವೆಂದು ಕೇಳುವವರಿಗೆ ನಾನು ಮೈಕ್ರೊಹೈಲಾ ಕೊಡಿಯಾಲ್ ಎಂಬ ಪುಟ್ಟ ಕಪ್ಪೆಯನ್ನು ನೆನಪಿಸುತ್ತೇನೆ. ವಿಜ್ಞಾನಕ್ಕೆ ಹೊಸದೆಂದು 2018ರಲ್ಲಿ ವಿವರಿಸಲ್ಪಟ್ಟ ಈ ಪ್ರಭೇದ ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ, ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ನಮ್ಮ ಪದವುಗಳು. ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಕಾಯುವ ಈ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲಿನಲ್ಲಿ ಹಳದಿ ಟಿಟ್ಟಿಭ ಗೂಡು ಕಟ್ಟದೆ ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ. ಚುಕ್ಕೆಚುಕ್ಕೆಯ ಆ ಮೊಟ್ಟೆಗಳನ್ನು ಸುತ್ತಲಿನ ಜಲ್ಲಿಯಿಂದ ಬೇರ್ಪಡಿಸಿ ನೋಡಲು ಬಾಗಿ ಕುಳಿತರೂ ಹೊತ್ತು ಹಿಡಿಯುತ್ತದೆ. ಮಳೆ ಬಿದ್ದು ಕಲ್ಲಿನ ಗುಳಿಗಳಲ್ಲಿ ನೀರು ನಿಂತರೆ ಕೀಟಗಳನ್ನು ಹಿಡಿದು ತಿನ್ನುವ ಡ್ರೊಸೆರಾ, ಯುಟ್ರಿಕ್ಯುಲೇರಿಯಾ ಗಿಡಗಳು ಅಲ್ಲೇ ಹೂಬಿಡುತ್ತವೆ. ಜನರ ಕಣ್ಣಿಗೆ ಮಾತ್ರ ಇದು ಬಂಜರು, ಬಡಾವಣೆಗೋ ಕಾರ್ಖಾನೆಗೋ ಹೇಳಿ ಮಾಡಿಸಿದ ಜಾಗ. ಅಂಥ ಜಾಗದ ಚೌಕ ನಕ್ಷೆಯಲ್ಲಿ ಖಾಲಿಯಿದ್ದರೆ, ಅಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲವೆಂದು ಓದುವವರು ಇದ್ದೇ ಇರುತ್ತಾರೆ.

ಕೆಲವು ಮಾಹಿತಿ ಬೇಕೆಂದೇ ಮಸುಕಾಗಿರುತ್ತದೆ. ಅಳಿವಿನ ಭೀತಿಯಲ್ಲಿರುವ ಪ್ರಭೇದಗಳ ನಿಖರ ಸ್ಥಳವನ್ನು ಐನ್ಯಾಚುರಲಿಸ್ಟ್ ಬಹಿರಂಗಪಡಿಸದೆ ಸುಮಾರು 20 ಕಿಲೋಮೀಟರ್ ಅಗಲದ ವಲಯವನ್ನಷ್ಟೇ ತೋರಿಸುತ್ತದೆ. ಇದರಿಂದ ನನ್ನ ವಿಶ್ಲೇಷಣೆಗೆ ತೊಡಕಾಗುತ್ತದೆ, ಆದರೂ ಬೇಟೆಗಾರರಿಗೆ ದಾರಿ ತೋರಿಸುವುದಕ್ಕಿಂತ ಇದೇ ಸರಿ.

2015ರಿಂದ 2020ರವರೆಗೆ ನಡೆದ ಕೇರಳ ಪಕ್ಷಿ ಅಟ್ಲಾಸ್ ಎಂಬ ಹಕ್ಕಿ ಸಮೀಕ್ಷೆಯಲ್ಲಿ ಸ್ವಯಂಸೇವಕರು ತಮಗಿಷ್ಟವಾದ ಜಾಗಗಳನ್ನು ಆರಿಸಿಕೊಳ್ಳದೆ, ಮೊದಲೇ ಆಯ್ದುಕೊಟ್ಟ ಚೌಕಗಳಿಗೆ ಹೋಗಿ ನಿಗದಿತ ಅವಧಿಯ ಪಟ್ಟಿಗಳನ್ನು ಮಾಡಿದರು. ನಮ್ಮ ಕರಾವಳಿಗೂ ಅಂಥದ್ದೊಂದು ಬೇಕೇ ಬೇಕು. ಸದ್ಯಕ್ಕೆ ಈ ಮಳೆಗಾಲದಲ್ಲಿ ಹೆಬ್ರಿ, ಮೂಡುಬಿದಿರೆ, ಕಿನ್ನಿಗೋಳಿಯ ಕೆಲವು ಗೆಳೆಯರೊಂದಿಗೆ ಆಯ್ದ ಖಾಲಿ ಚೌಕಗಳಿಗೆ ಹಗಲೊಮ್ಮೆ, ರಾತ್ರಿಯೊಮ್ಮೆ ಹೋಗಲಿದ್ದೇವೆ. ಹದಿನೈದು ನಿಮಿಷದಲ್ಲಿ ಕಾಗೆ ಮತ್ತು ಪಿಕಳಾರ ಬಿಟ್ಟು ಬೇರೇನೂ ಸಿಗದಿದ್ದರೆ, ಆ ಎರಡೇ ಹೆಸರುಗಳ ಪಟ್ಟಿಯನ್ನೂ ಪೂರ್ಣ ಪಟ್ಟಿಯೆಂದೇ ಸೇರಿಸುತ್ತೇವೆ.